ಮರಿಯ ಕಿವಿಯ ಹಸಿ ಸೀಳು

ಜವನಗೊಂಡನಹಳ್ಳಿ ಕಡೆಯ ದೊಡ್ಡತಿಮ್ಮಪ್ಪ, ದಾರಿ ತಪ್ಪಿ ತನ್ನ ಮಂದೆಗೆ ಸೇರಿದ ಕುರಿಯನ್ನು ಹೆಗಲ ಮೇಲೆ ಹೊತ್ತು ಹಿರಿಯೂರಿನವರೆಗೂ ನಡೆದು ಒಡೆಯನಿಗೆ ಒಪ್ಪಿಸಿ ಬಂದವನು. ಅವನ ಮಗಳು ಪುಟ್ಟಕ್ಕ, ಅಂಥ ಕುರಿಯನ್ನು ಬೇರೆ ಕಟ್ಟಿ, ತನ್ನವಕ್ಕಿಂತ ಮೊದಲು ಅದಕ್ಕೆ ನೀರು ತೋರಿಸಿ, ಕಂಡವರಿಗೆಲ್ಲ ಸುದ್ದಿ ಹೇಳುತ್ತಿದ್ದವಳು. ಆ ಪುಟ್ಟಕ್ಕನ ಮಗಳೇ ಗಿರಿಯಮ್ಮ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವರ ಕುರಿಗಳಿಗೆಲ್ಲ ಎಡಗಿವಿಯಲ್ಲೊಂದು ಸೀಳು, ಅದೇ ಮನೆಯ ಗುರುತು. ಬೇರೆಯವರ ಕುರಿಯ ಕಿವಿಗೆ ಆ ಮನೆಯ ಚೂರಿ ತಾಗಿದ್ದೇ ಇಲ್ಲ.

ಆವತ್ತು ಬೆಳಗ್ಗೆ ಗಿರಿಯಮ್ಮ ಕುರಿರೊಪ್ಪಕ್ಕೆ ಹೋದಳು. ನಿನ್ನೆ ಹೊತ್ತು ಮುಳುಗುವಾಗ ಮಂದೆಯ ಜತೆ ಬಂದ ಯಾರದೋ ಮರಿಯನ್ನು ಅವಳೇ ಬೇರೆ ಕಟ್ಟಿದ್ದಳು. ಈಗ ಅದರ ಎಡಗಿವಿಯಲ್ಲಿ ಹಸಿ ಸೀಳು, ಮೇಲೆ ಅರಿಶಿನ.

"ದೇವಿಕಾ! ಯಾರೇ ಇದರ ಕಿವಿ ಕೊಯ್ದೋರು?"

ಮಗಳು ಒಂಬತ್ತನೇ ತರಗತಿ. ಹೋದ ವಾರವಷ್ಟೇ ಪ್ರಾಮಾಣಿಕತೆಯ ಮೇಲೆ ಭಾಷಣ ಮಾಡಿ ಶಾಲೆಯಲ್ಲಿ ಬಹುಮಾನ ಗೆದ್ದವಳು.

"ನನ್ನ ಮರೀನ ನಾಯಿಗಳು ಕಚ್ಚಿ ಸಾಯಿಸಿದ್ವಲ್ಲಮ್ಮ. ಇದನ್ನಾದ್ರೂ ಇಟ್ಕಳಾಣ ಅಂತ..."

"ಭಾಷಣದಾಗೆ ಏನಂದಿದ್ದೆ?"

"ಅದು ಮೇಷ್ಟ್ರು ಬರ್ಕೊಟ್ಟಿದ್ದು."

ಗಿರಿಯಮ್ಮ ಮರಿಯ ಕಿವಿಯ ಅರಿಶಿನ ಸರಿಸಿ ಗಾಯ ನೋಡಿದಳು.

ಅಷ್ಟರಲ್ಲಿ ನಾಗರಾಜಪ್ಪ ಮೇಷ್ಟ್ರ ಬೈಕು ಬಂತು. "ಚಿತ್ರದುರ್ಗದ ಭಾಷಣ ಸ್ಪರ್ಧೆಗೆ ನಮ್ಮ ದೇವಿಕಾನೇ!" ಎನ್ನುತ್ತ ಇಳಿದವರು ಮರಿಯ ಕಿವಿ ನೋಡಿ ನಿಂತುಬಿಟ್ಟರು. ಹಿರಿಯೂರಿನ ಕುರಿ ವ್ಯಾಪಾರಿ ತಾಜುದ್ದೀನ್ ಕಳೆದ ಮರಿ ಹುಡುಕುತ್ತಿರುವುದನ್ನು ಅವರು ದಾರಿಯಲ್ಲೇ ಕಂಡಿದ್ದರು.

ಓಣಿಯಿಂದ ಕೂಗು ಕೇಳಿಸಿತು. "ಮರಿ ಕಂಡ್ರೇನಮ್ಮ ಯಾರಾದ್ರೂ? ಹಣೆ ಮ್ಯಾಲೆ ಬಿಳೇ ಮಚ್ಚೆ!"

ಮರಿಯ ಹಣೆಯಲ್ಲಿ ಬಿಳಿ ಮಚ್ಚೆ ಎದ್ದು ಕಾಣುತ್ತಿತ್ತು.

ಮೇಷ್ಟ್ರು ದನಿ ತಗ್ಗಿಸಿದರು. "ಗಿರಿಯಮ್ಮ, ನೀನು ಸುಮ್ನಿರವ್ವ. ಇದು ನಿಮ್ಮ ರೊಪ್ಪದಾಗೇ ಹುಟ್ಟಿದ್ದು ಅಂತ ನಾನೇ ಹೇಳ್ತೀನಿ. ಸಾಬ್ರು ನನ್ನ ಮಾತು ತೆಗೆದುಹಾಕಲ್ಲ. ಹುಡುಗಿ ಹೆಸರು ಕೆಡಬಾರ್ದು ನೋಡು."

ದೇವಿಕಾ ಆಸೆಯಿಂದ ಅಮ್ಮನ ಮುಖ ನೋಡಿದಳು. ಗಿರಿಯಮ್ಮ ಓಣಿಯತ್ತ ನೋಡಿದಳು. ಒಂದು ಹೂಂ ಅಂದರೆ ಸಾಕು, ಮಗಳ ಮರ್ಯಾದೆ ಉಳಿಯುತ್ತದೆ. ಚಪ್ಪಲಿ ಸದ್ದು ಬಾಗಿಲ ಹತ್ತಿರ ಬಂತು.

ಅವಳು ಬಾಗಿ ಹಗ್ಗ ಬಿಚ್ಚಿ, ಮರಿಯನ್ನೆತ್ತಿ ಮಗಳ ಕೈಗಿಟ್ಟಳು.

"ಬ್ಯಾಡ್ರಿ ಮೇಷ್ಟ್ರೇ. ಭಾಷಣ ನೀವು ಬರ್ಕೊಟ್ರಿ, ಅವಳು ಬಾಯಿಪಾಠ ಒಪ್ಪಿಸಿದ್ಲು. ಈ ಮಾತನ್ನೂ ಬರ್ಕೊಡಬ್ಯಾಡ್ರಿ. ಕೊಯ್ದೋಳು ಅವಳು, ಸಾಬ್ರಿಗೆ ಅವಳೇ ಹೇಳ್ಲಿ. ನೀವು ಬೈಕ್ ತಗಂಡು ಹೋಗ್ರಿ."