ತಂಗಿಯನ್ನು ಮುಟ್ಟದ ಚಳಿಗಾಲ

ಆಗೆಲ್ಲ ನಮ್ಮ ಕಡೆ ಚಳಿ ಬಂದದ್ದು ಮೊದಲು ತುಟಿಗೆ ತಿಳಿಯುತ್ತಿತ್ತು. ಎಳ್ಳಮಾಸಿ ಹಬ್ಬ ಹತ್ತಿರವಾದಂತೆ ಗಾಳಿ ಒಣಗಿ ತುಟಿ ಒಡೆಯುತ್ತಿತ್ತು. ಮೊಣಕಾಲ ಮೇಲೆ ಉಗುರಿನಿಂದ ಗೀರಿದರೆ ಬಿಳಿ ಗೆರೆ ಮೂಡುತ್ತಿತ್ತು. ನಾವು ಮಕ್ಕಳು ಅದರಲ್ಲೇ ಅಕ್ಷರ ಬರೆಯುತ್ತಿದ್ದೆವು. ಪ್ಲಾಸ್ಟಿಕ್ ಬಾಚಣಿಕೆಯನ್ನು ತಲೆಗೆ ತಿಕ್ಕಿ ಕಾಗದದ ಚೂರು ಎತ್ತುವುದು ಇನ್ನೊಂದು ಆಟ. ನೀವೂ ಆಡಿರಬೇಕು.

ಅಂಥದೊಂದು ಚಳಿಗಾಲ, ನಾನು ಮೂರನೇ ಇಯತ್ತೆಯಲ್ಲಿದ್ದಾಗ, ಅವ್ವ ಹೆರಿಗೆಗೆಂದು ಹುಮನಾಬಾದಿನ ತವರಿಗೆ ಹೋದಳು. ಬಸವಕಲ್ಯಾಣದ ಮನೆಯಲ್ಲಿ ಉಳಿದವರು ಅಪ್ಪ ಮತ್ತು ನಾನು. ಅಪ್ಪನದು ಬಟ್ಟೆ ಅಂಗಡಿ. ಒಂದು ಮುಂಜಾನೆ ಅಪ್ಪ ಅಂಗಡಿಗೆ ಹೋದ ಮೇಲೆ ನಾನು ಹಸಿ ಕೈಯಲ್ಲಿ ನೀರಿನ ಮೋಟಾರಿನ ಬಟನ್ ಒತ್ತಲು ಹೋಗಿ ಶಾಕ್ ಹೊಡೆಸಿಕೊಂಡೆ. ತೋಳಿಗೆ ಯಾರೋ ಬಡಿಗೆಯಿಂದ ಬಾರಿಸಿದ ಹಾಗಾಯಿತು. ಚೀರಿದ್ದು ಕೇಳಿ ಪಕ್ಕದ ಮನೆಯ ಶಾಹೀನ್ ಖಾಲಾ ಓಡಿ ಬಂದು ಅವಚಿಕೊಂಡರು.

“ಅರೆ ಬೇಟಾ, ಹಸಿ ಕೈಲೆ ಬಟನ್ ಮುಟ್ತಾರೇನ? ಕರೆಂಟ್ ಒಮ್ಮೆ ಮೈಯಾಗ ಹೊಕ್ಕರ ಬಿಡಂಗಿಲ್ಲ!”

ಗಾಬರಿಯಲ್ಲಿ ಅವರು ಆಡಿದ ಮಾತು ಅದು. ನಾನು ಮಾತ್ರ ಅಕ್ಷರಶಃ ನಂಬಿದೆ.

ಅದಾದ ಕೆಲವೇ ದಿನಕ್ಕೆ ತಂಗಿ ಹುಟ್ಟಿದ ಸುದ್ದಿ ಬಂತು. ಅಪ್ಪ ನನ್ನನ್ನು ಹುಮನಾಬಾದಿಗೆ ಕರೆದೊಯ್ದು, ಅಲ್ಲೇ ಬಿಟ್ಟು ಅಂಗಡಿಗೆ ಮರಳಿದರು. ಅವ್ವನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಆಯಿಯ ಮನೆಯ ನಡುಕೋಣೆ ಲೋಬಾನದ ಹೊಗೆ, ತುಪ್ಪದಲ್ಲಿ ಅಂಟು ಹುರಿದು ಬಾಣಂತಿಗೆಂದು ಕಟ್ಟಿದ ಉಂಡಿ, ಕೂಸಿನ ಮೈಗೆ ಹಚ್ಚಿದ ಎಣ್ಣೆ, ಎಲ್ಲದರ ವಾಸನೆಯಿಂದ ತುಂಬಿತ್ತು. ಮೂಲೆಯ ಮಂಚದ ಮೇಲೆ ಮಾಮಾ ಹೈದರಾಬಾದಿನಿಂದ ತಂದ ಹೊಸ ಕಂಬಳಿ. ಬೆಕ್ಕಿನ ಮೈಯಷ್ಟು ನುಣುಪು, ಅದರ ಮೇಲೆ ಪರಾತದಷ್ಟು ದೊಡ್ಡ ಗುಲಾಬಿಗಳು. ನಾನು ನೈಲಾನ್ ಸ್ವೆಟರ್ ತೊಟ್ಟು ಅದರ ಮೇಲೆ ಹೊರಳಾಡಿದೆ, ತಲೆವರೆಗೆ ಹೊದ್ದು ಮತ್ತೆ ಕಿತ್ತೆಸೆದೆ.

ಮಂಚದ ಪಕ್ಕ ಕೆಳಗೆ ಹಾಸಿಗೆಯ ಮೇಲೆ ಅವ್ವ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ನಾನು ಮಂಚದಿಂದಲೇ ಬಗ್ಗಿ ತಂಗಿಯ ಮೂಗಿನ ತುದಿ ಮುಟ್ಟಿದೆ.

ಚಟ್!

ಕೂಸು ಕೈಕಾಲು ಬಡಿದು ಚೀರಿತು. ಅವ್ವ ಎಚ್ಚರಾಗಿ, ಹಸಿವಾಗಿರಬೇಕೆಂದು ಹಾಲು ಕುಡಿಸಿದಳು. ಸಂಜೆ ಮತ್ತೆ ಅದೇ ಮಂಚದಿಂದ ಅದರ ಕಿವಿ ಮುಟ್ಟಿದೆ. ಮತ್ತೆ ಚಟ್. ಮತ್ತೆ ಅಳು. ನನಗೆ ಎಲ್ಲ ಸ್ಪಷ್ಟವಾಯಿತು: ಮೋಟಾರಿನ ಕರೆಂಟು ಇನ್ನೂ ನನ್ನ ಮೈಯಲ್ಲಿಯೇ ಇದೆ. ಇನ್ನೊಮ್ಮೆ ಮುಟ್ಟಿದರೆ ಇಷ್ಟು ಸಣ್ಣ ಕೂಸು ಉಳಿಯುತ್ತದೆಯೇ?

ಅಂದಿನಿಂದ ನಾನು ತಂಗಿಯ ಹತ್ತಿರ ಸುಳಿಯಲಿಲ್ಲ. ಅವ್ವ ಕರೆದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲಲ್ಲೇ ನಿಲ್ಲುತ್ತಿದ್ದೆ. ಅವ್ವನನ್ನು ಕೂಡ ಮುಟ್ಟಲಿಲ್ಲ. ಅವ್ವನಿಂದ ಕೂಸಿಗೆ ಹರಿದರೆ?

“ಹೊಟ್ಟಿಕಿಚ್ಚು ಬಿಡವ್ವ. ಇಷ್ಟು ದಿನ ಒಬ್ಬಾಕಿನೇ ಇದ್ಲಲ್ಲ,” ಎಂದಳು ಆಯಿ ಅವ್ವನಿಗೆ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಹೇಳಿಬಿಡಬೇಕೆನಿಸಿತು. ಆದರೆ ಹೇಳಿದರೆ ನನ್ನನ್ನು ಮನೆಯಿಂದಲೇ ದೂರ ಇಡುತ್ತಾರೆಂಬ ಭಯ.

ತೊಟ್ಟಿಲಿಗೆ ಹಾಕುವ ದಿನ ಅಪ್ಪ ಬಂದರು. ಊಟ ಮುಗಿದ ಮೇಲೆ, ಯಾವುದೂ ಗೊತ್ತಿರದ ಅಪ್ಪ, “ಅಕ್ಕನ ಕಡೆ ಹೋಗವ್ವ” ಎನ್ನುತ್ತ ಕೂಸನ್ನು ನನ್ನ ತೊಡೆಯ ಮೇಲೆ ಇಡಲು ಬಗ್ಗಿದರು. ನಾನು ಕಿರುಚಿ ಹಿತ್ತಲಿಗೆ ಓಡಿದೆ.

ಹಿಂದೆ ಬಂದವಳು ಅವ್ವ. ಬಾಣಂತಿ ಗಾಳಿಗೆ ಹೋಗಬಾರದೆಂದು ಆಯಿ ಒಳಗಿನಿಂದ ಕೂಗುತ್ತಿದ್ದರೂ, ತಲೆಗೆ ಮಫ್ಲರ್ ಸುತ್ತಿಕೊಂಡು ಬಂದು ಒಗೆಯುವ ಕಲ್ಲಿನ ಮೇಲೆ ಕುಳಿತಳು.

“ಜಗ್ಗಿ, ತಂಗಿ ಬ್ಯಾಡೇನ ನಿನಗ?”

“ಬೇಕು.”

“ಮತ್ಯಾಕ ಅಳಾಕತ್ತಿ?”

“ನನ್ನ ಮೈಯಾಗ ಕರೆಂಟ್ ಅದವ್ವ. ನಾ ಮುಟ್ಟಿದ್ರ ಆಕಿ ಸಾಯ್ತಾಳ.”

ಮೋಟಾರು, ಖಾಲಾ, ಮೂಗು, ಕಿವಿ, ಎಲ್ಲ ಬಿಕ್ಕುತ್ತ ಹೇಳಿದೆ. ಅವ್ವ ನಗಲಿಲ್ಲ. ನಾನು ಹಿಂದೆ ಸರಿದರೂ ಬಿಡದೆ ಎರಡೂ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು.

“ಎಲ್ಲದ ಕರೆಂಟ್? ನನಗೇನೂ ಆಗಲಿಲ್ಲಲ್ಲ.”

ಒಳಗೆ ಬಂದು ಅವ್ವ ಅಪ್ಪನಿಗೆ ಎಲ್ಲ ಹೇಳಿದಳು. ಅಪ್ಪ ನನ್ನ ಸ್ವೆಟರ್ ಮುಟ್ಟಿ ನೋಡಿದರು, ಕಂಬಳಿ ಮುಟ್ಟಿ ನೋಡಿದರು, ಆಮೇಲೆ ಅವ್ವನಿಗೆ, “ನೀನೇ ಮಂಚದ ಮ್ಯಾಲ ಕೂತು ಹೊರಳು. ಕಾಲು ನೆಲಕ್ಕ ಹಚ್ಚಬ್ಯಾಡ,” ಎಂದರು. ಅವ್ವ ಟೆರಿಲಿನ್ ಸೀರೆಯಲ್ಲೇ ಕಂಬಳಿಯ ಮೇಲೆ ಸರಿದಾಡಿ, ಬರಿಗಾಲಲ್ಲಿ ನಿಂತಿದ್ದ ಆಯಿಯ ಮೊಣಕೈಗೆ ಬೆರಳು ತಾಗಿಸಿದಳು. ಚಟ್!

“ಅಯ್ಯ ನಿನ್ನ! ಚೇಳು ಕಡದಂಗ ಆತು!” ಆಯಿ ಹಾರಿದಳು.

ಆಮೇಲೆ ಮಾಮಾ ಮಂಚ ಹತ್ತಿದರು, ಅಪ್ಪನಿಗೆ ಹೊಡೆಸಿದರು. ಆಯಿಯೂ ಬಿಡಲಿಲ್ಲ, ತಾನೂ ಹತ್ತಿ ಕುಳಿತು ಅಳಿಯನ ಕಡೆ ಬೆರಳು ಚಾಚಿದಳು. ಕೋಣೆಯ ತುಂಬ ಕಿರುಚಾಟ, ನಗು.

“ನೋಡವ್ವ,” ಎಂದು ಅಪ್ಪ ನನ್ನನ್ನು ಹತ್ತಿರ ಕೂರಿಸಿಕೊಂಡರು. “ನೈಲಾನ್ ಬಟ್ಟಿ ತಿಕ್ಕಿದ್ರ ಇದು ಹುಟ್ಟತದ. ಹವಾ ಒಣಾ ಇದ್ದಾಗ ಹೆಚ್ಚು. ಅಂಗಡ್ಯಾಗ ಸೀರಿ ಗಂಟು ಬಿಚ್ಚುವಾಗ ನನಗೂ ಹೊಡೀತದ. ಚುರುಕ್ ಅಂತದ, ಹೋಗ್ತದ. ಮೋಟಾರಿಂದು ಬ್ಯಾರೆ. ಅದು ಜೀವಾ ತಗೊಳ್ಳೋದು, ಅದರ ಹತ್ರ ಹೋಗಬ್ಯಾಡ. ಆದ್ರ ಅದು ಅವತ್ತೇ ಹೋತು, ನಿನ್ನ ಮೈಯಾಗ ಏನೂ ಉಳದಿಲ್ಲ.”

ಅಂದೇ ಗುಲಾಬಿ ಕಂಬಳಿ ಅಟ್ಟ ಸೇರಿತು. ಆಯಿ ಹಳೆಯ ಹತ್ತಿ ಸೀರೆಗಳ ಕೌದಿ ಹಾಸಿದಳು, ಸ್ವೆಟರ್ ಬಿಚ್ಚಿಸಿ ಹತ್ತಿ ಶಾಲು ಹೊದಿಸಿದಳು, ಚಳಿಗೆ ಒಡೆದ ನನ್ನ ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿದಳು. ಕೋಣೆಯ ಹಗ್ಗದ ಮೇಲೆ ಒದ್ದೆ ಪಂಚೆ ಹರವಿದಳು, ಗಾಳಿ ಅಷ್ಟು ಒಣಗದಿರಲೆಂದು. ಅಪ್ಪ ಇನ್ನೊಂದು ಉಪಾಯ ಹೇಳಿಕೊಟ್ಟರು: ಮಂಚದಿಂದ ಇಳಿದ ಕೂಡಲೇ ಕೈಯಲ್ಲೊಂದು ಬೀಗದ ಕೈ ಹಿಡಿದು ಕಿಟಕಿಯ ಸರಳಿಗೆ ತಾಗಿಸುವುದು, ಚಟ್ ಎನ್ನುವುದೇನಿದ್ದರೂ ಅಲ್ಲೇ ಮುಗಿಯುತ್ತದೆ, ಬೆರಳಿಗೆ ನೋವೂ ಇಲ್ಲ.

ನಾನು ಸರಳು ಮುಟ್ಟಿ ಬಂದು ಅವ್ವನ ಪಕ್ಕ ಕುಳಿತೆ. ಅವ್ವ ತಂಗಿಯನ್ನು ನನ್ನ ತೊಡೆಯ ಮೇಲಿಟ್ಟಳು. ಉಸಿರು ಬಿಗಿಹಿಡಿದು ಒಂದು ಬೆರಳು ಚಾಚಿದೆ. ಏನೂ ಆಗಲಿಲ್ಲ. ತಂಗಿ ಆ ಬೆರಳನ್ನು ಮುಷ್ಟಿಯಲ್ಲಿ ಹಿಡಿದು, ಆಕಳಿಸಿ, ನಿದ್ದೆಹೋದಳು. ಎಷ್ಟೋ ದಿನಗಳಿಂದ ಎದೆಯ ಮೇಲಿದ್ದ ಭಾರ ಇಳಿದಂತಾಗಿ ನಾನೂ ಅವ್ವನ ಭುಜಕ್ಕೊರಗಿ ಹಾಗೇ ನಿದ್ದೆಹೋದೆನಂತೆ.

ಈಗ ಆಯಿ ಇಲ್ಲ, ಅಪ್ಪ ಇಲ್ಲ. ಮಾಮಾನ ಮಕ್ಕಳು ಆ ನಡುಕೋಣೆಗೆ ಗೋಡೆ ಎಬ್ಬಿಸಿ ಎರಡು ಪಾಲು ಮಾಡಿಕೊಂಡಿದ್ದಾರೆ. ನಮ್ಮ ಮನೆಯಲ್ಲಿ ಪರದೆ, ಗಾಲೀಚೆ, ಕುರ್ಚಿ ಎಲ್ಲ ನೈಲಾನು, ಪ್ಲಾಸ್ಟಿಕ್ಕು. ಚಳಿಗಾಲ ಬಂತೆಂದರೆ ಯಾವ ಹಿಡಿಕೆ ಮುಟ್ಟಿದರೂ ಹೊಡೆಯುತ್ತದೆ. ಮೊನ್ನೆ ಕಬಾಟು ತೆಗೆಯುವಾಗ ನಾನು “ಹಾ!” ಎಂದು ಬೆಚ್ಚಿದೆ. ಪಕ್ಕದ ಕೋಣೆಯಿಂದ ಮಗ, “ಸ್ಟ್ಯಾಟಿಕ್ ಅವ್ವಾ, ಏನಾಗಂಗಿಲ್ಲ,” ಎಂದ. ಸರಿಯಾಗಿಯೇ ಹೇಳಿದ. ಎದ್ದು ಬರಲಿಲ್ಲ ಅಷ್ಟೆ.