ದೀಪ ಹತ್ತುವ ಕರೆಗಂಟೆ

ತಸ್ನೀಮಳನ್ನು ನಾನು ಮೊದಲು ಕಂಡದ್ದು ಶಾಲೆಯಲ್ಲಲ್ಲ, ಅವಳ ಮನೆಯ ಬಾಗಿಲಲ್ಲಿ. ಆಗಷ್ಟೇ ಆರ್.ಟಿ. ನಗರದ ಶಾಲೆಗೆ ವರ್ಗವಾಗಿ ಬಂದಿದ್ದೆ. ಹಾಜರಿ ಕೂಗುವಾಗ ಆ ಒಂದು ಹೆಸರಿಗೆ ಉತ್ತರ ಬರುತ್ತಿರಲಿಲ್ಲ. ವಿಚಾರಿಸೋಣವೆಂದು ಒಂದು ಸಂಜೆ ಅವರ ಮಹಡಿಮನೆಯ ಮೆಟ್ಟಿಲು ಹತ್ತಿ ಕರೆಗಂಟೆ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ, ಮತ್ತೂ ಒತ್ತಿದೆ. ಜ್ವರದ ಕಣ್ಣಿನ ಹುಡುಗಿಯೊಬ್ಬಳು ಹೊದಿಕೆ ಹೊದ್ದುಕೊಂಡೇ ಬಂದು ಬಾಗಿಲು ತೆರೆದಳು.

“ಒಂದ್ಸಲ ಒತ್ತಿದ್ರೆ ಸಾಕು ಸಾರ್. ಇದು ಸದ್ದು ಮಾಡಲ್ಲ, ಲೈಟ್ ಹತ್ತುತ್ತೆ,” ಎಂದಳು.

ಅವಳ ತಂದೆ ಖಾದರ್ ಬಾಷಾ ಅವರಿಗೂ ತಾಯಿ ಮಲ್ಕಾ ಅವರಿಗೂ ಹುಟ್ಟಿನಿಂದಲೇ ಕಿವಿ ಕೇಳದು. ಖಾದರ್ ಬಾಷಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಸೂಜಿಯ ಮೇಲಿನ ದೃಷ್ಟಿ ಯಾವಾಗ ಮೇಲೇಳುವುದೋ ಹೇಳಲಾಗದು; ಆದ್ದರಿಂದ ಒಮ್ಮೆ ಹತ್ತಿದ ದೀಪ ಒಳಗಿನವರು ಆರಿಸುವ ತನಕ ಉರಿಯುವಂತೆ ಅವರೇ ತಂತಿ ಜೋಡಿಸಿದ್ದರು. ಆ ಮನೆಗೊಂದು ಕ್ರಮವಿತ್ತು. ಮೊದಲು ದೀಪ ಆರಿಸಬೇಕು, ಆಮೇಲೆ ಬಾಗಿಲು ತೆರೆಯಬೇಕು, ಮೆಟ್ಟಿಲಿನಲ್ಲಿ ಯಾರೂ ಉಳಿದಿಲ್ಲವೆಂದು ಬಗ್ಗಿ ನೋಡಿದ ಮೇಲೆಯೇ ಮುಚ್ಚಬೇಕು.

ಆ ದಿನದಿಂದ ಅಲ್ಲಿಗೆ ಹೋಗಿಬರುವುದು ನನಗೆ ರೂಢಿಯಾಯಿತು. ತಾಯಿ ಮಗಳು ಕೈಗಳಲ್ಲಿ ಮಾತಾಡುವುದನ್ನು ನೋಡುತ್ತ ನಾನೂ ನಾಲ್ಕಾರು ಸನ್ನೆ ಕಲಿತೆ. ‘ಚಹಾ ಸಾಕು’ ಎಂಬುದು ಮಾತ್ರ ನನ್ನ ಕೈಗೆ ಸರಿಯಾಗಿ ಬರಲೇ ಇಲ್ಲ. ಹಾಗೆ ಹೇಳಿದಾಗಲೆಲ್ಲ ಮಲ್ಕಾ ಇನ್ನೊಂದು ಲೋಟ ತಂದಿಡುತ್ತಿದ್ದರು.

ತಸ್ನೀಮ್ ಇಂಜಿನಿಯರಿಂಗ್ ಓದಿ ಹೆಬ್ಬಾಳದ ಒಂದು ಚಿಕ್ಕ ಕಂಪನಿ ಸೇರಿದಳು. ಪಾರ್ಶ್ವವಾಯು ಹೊಡೆದವರ ಬೆರಳುಗಳನ್ನು ಮೆಲ್ಲಗೆ ಮಡಿಸಿ ಬಿಡಿಸುವ ಯಂತ್ರವನ್ನು ಅವರು ಮಾಡುತ್ತಿದ್ದರು. ಅದರಲ್ಲಿ ನಿನ್ನ ಕೆಲಸವೇನು ಎಂದು ಕೇಳಿದ್ದಕ್ಕೆ ಅವಳು ತಾಳ್ಮೆಯಿಂದ ವಿವರಿಸಿದಳು. ಯಂತ್ರದೊಳಗೆ ಎರಡು ಪ್ರೊಸೆಸರ್‌ಗಳಿವೆ. ಚಿಕ್ಕದು ಬೆರಳಿನ ಬಿಗಿತವನ್ನು ಅಳೆಯುತ್ತದೆ, ದೊಡ್ಡದು ಯಂತ್ರವನ್ನು ನಡೆಸುತ್ತದೆ. ಚಿಕ್ಕದು ತನ್ನ ಸಂದೇಶವನ್ನು ಎರಡಕ್ಕೂ ಸೇರಿದ ಒಂದು ಪೆಟ್ಟಿಗೆಯಂಥ ಜಾಗದಲ್ಲಿಟ್ಟು ಗಂಟೆ ಒತ್ತುತ್ತದೆ. ದೊಡ್ಡದು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಅದನ್ನು ಎತ್ತಿಕೊಳ್ಳುತ್ತದೆ. ಈ ಕೊಡುಕೊಳ್ಳುವಿಕೆಯನ್ನು ನಡೆಸಿಕೊಡುವುದು ಕರ್ನಲ್, ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಸಂದೇಶ ಎತ್ತಿಕೊಳ್ಳುವ ಭಾಗದ ಕೋಡು ಅವಳು ಬರೆದದ್ದು.

ಒಂದು ಭಾನುವಾರ ನಾನು ಹೋದಾಗ ಅವಳ ಮುಖ ಬಾಡಿತ್ತು. ಬೆರಳು ಬಿಗಿಯಾದೊಡನೆ ಚಿಕ್ಕ ಪ್ರೊಸೆಸರ್ ‘ನಿಲ್ಲಿಸು’ ಎಂದು ಹೇಳುತ್ತದಂತೆ. ಎಲ್ಲೋ ಅಪರೂಪಕ್ಕೆ ಯಂತ್ರ ಆ ಮಾತು ಕೇಳದೆ ಇನ್ನೊಮ್ಮೆ ಮಡಿಸಿಬಿಡುತ್ತದಂತೆ. ರೋಗಿಗಳಿಗಿನ್ನೂ ಕೊಟ್ಟಿರಲಿಲ್ಲ, ತಮ್ಮ ಕೈಗೇ ಕಟ್ಟಿಕೊಂಡು ನೋಡುತ್ತಿದ್ದರು. ನೋಯುವ ಕೈಗೆ ಇಂಥದ್ದನ್ನು ಕಟ್ಟಲಾರೆ, ವಾರದೊಳಗೆ ಸರಿಹೋಗದಿದ್ದರೆ ಯಂತ್ರವನ್ನೇ ಕೈಬಿಡುತ್ತೇನೆ ಎಂದು ಮಾಲೀಕ ಯಶವಂತ್ ಹೇಳಿದ್ದ. ಅವನು ಹೇಳಿದ್ದು ಸರಿ ಎಂದೇ ಅವಳಿಗೆ ಹೆಚ್ಚು ಸಂಕಟ.

ಅಷ್ಟರಲ್ಲಿ ದೀಪ ಹತ್ತಿತು. ಮಲ್ಕಾ ಎದ್ದು ದೀಪ ಆರಿಸಿ ಬಾಗಿಲು ತೆರೆದರು. ಕೆಳಗಿನ ಮನೆಯ ಪಟಾಲಮ್ಮ ರವಿಕೆ ಬಟ್ಟೆ ಹಿಡಿದು ಒಳಗೆ ಬಂದರು. ಮಲ್ಕಾ ಬಾಗಿಲು ಹಾಕದೆ ಮೆಟ್ಟಿಲಿನತ್ತ ಬಗ್ಗಿ ನೋಡಿ ಕೈಬೀಸಿದರು. ನೀರಿನ ಕ್ಯಾನು ಹೊತ್ತ ಅಶ್ವತ್ಥಪ್ಪ ಏದುಸಿರು ಬಿಡುತ್ತ ಬಂದ.

“ನಾನೂ ಒತ್ದೆ, ನನ್ನ ಹಿಂದೆ ಇವ್ನೂ ಕೈ ಚಾಚಿ ಒತ್ದ,” ಎಂದರು ಪಟಾಲಮ್ಮ. “ನಿಮ್ ಲೈಟಿಗೇನ್ ಗೊತ್ತು, ಒಬ್ರೋ ಇಬ್ರೋ ಅಂತ?”

ತಸ್ನೀಮ್ ಎದ್ದು ನಿಂತಳು. ಆರಿದ ದೀಪವನ್ನೇ ಸ್ವಲ್ಪ ಹೊತ್ತು ನೋಡಿದಳು.

“ಸಾರ್, ನಾನು ಒಬ್ಬರನ್ನ ಒಳಗೆ ಕರ್ಕೊಂಡು ಬಾಗಿಲು ಹಾಕಿಬಿಟ್ಟಿದೀನಿ.”

ಎರಡು ಸಂದೇಶಗಳು ಒಂದರ ಬೆನ್ನಿಗೊಂದು ಬಂದಾಗ ಎರಡು ಸಲ ಒತ್ತಿದ ಗಂಟೆಯೂ ಒಂದೇ ಆಗಿಬಿಡುತ್ತದೆ. ಅವಳ ಕೋಡು ಗಂಟೆ ಕೇಳಿದಾಗ ಒಂದೇ ಸಂದೇಶ ಎತ್ತಿಕೊಂಡು ಹಿಂದಿರುಗುತ್ತಿತ್ತು. ‘ನಿಲ್ಲಿಸು’ ಎಂಬುದು ಎರಡನೆಯದಾಗಿದ್ದರೆ ಮತ್ತೊಮ್ಮೆ ಗಂಟೆ ಒತ್ತುವ ತನಕ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು.

ಏನಾಯಿತೆಂದು ಮಲ್ಕಾ ಕೈಯಲ್ಲೇ ಕೇಳಿದರು. ಮಗಳು ಕೈಯಲ್ಲೇ ಹೇಳಿದಳು. ಮಲ್ಕಾ ನಕ್ಕು ಏನೋ ಸನ್ನೆ ಮಾಡಿದರು. ನನಗೆ ತಿಳಿಯಲಿಲ್ಲ.

“ಈ ಮನೇಲಿ ಹುಟ್ಟಿ ಇದನ್ನೇ ಮರೆತ್ಯಾ ಅಂತಿದಾರೆ ಅಮ್ಮಿ,” ಎಂದಳು ತಸ್ನೀಮ್.

ಪೆಟ್ಟಿಗೆ ಬರಿದಾಗುವವರೆಗೂ ಎತ್ತಿಕೊಳ್ಳುವಂತೆ ಅವಳು ಕೋಡನ್ನು ತಿದ್ದಿದಳು. ಆ ವಾರವೆಲ್ಲ ಯಶವಂತ್ ತನ್ನ ಕೈಯನ್ನೇ ಯಂತ್ರಕ್ಕೆ ಕೊಟ್ಟು ಕುಳಿತ. ಒಮ್ಮೆಯೂ ಅದು ಮಾತು ಮೀರಲಿಲ್ಲ. ಮುಂದೆ ಅದು ಬ್ಯಾಟರಾಯನಪುರದ ಒಂದು ಚಿಕಿತ್ಸಾಲಯಕ್ಕೆ ಹೋಯಿತು.

ಖಾದರ್ ಬಾಷಾ ಈಗ ಹೊಲಿಯುವುದು ಕಡಿಮೆ, ಕಣ್ಣು ಸಾಲದು. ದೀಪಕ್ಕೆ ಇನ್ನೂ ದೊಡ್ಡ ಬಲ್ಬು ಹಾಕಿಸಿದ್ದಾರೆ. ಚಿಕಿತ್ಸಾಲಯದಲ್ಲಿ ಆ ಬೆರಳಿನ ಯಂತ್ರ ಕೆಲಸ ಮಾಡುತ್ತಲೇ ಇದೆ. ಆ ಕರ್ನಲ್ ಯಾರು ಬೇಕಾದರೂ ತಿದ್ದಲು ಕೈಜೋಡಿಸಬಹುದಾದ ಮುಕ್ತ ತಂತ್ರಾಂಶವಂತೆ; ಬೇರೆ ಬೇರೆ ದೇಶದವರು ಅದಕ್ಕೆಂದು ಬರೆದು ಕಳಿಸುವ ಇಂಥ ಕೋಡುಗಳನ್ನು ತಸ್ನೀಮ್ ಬಿಡುವಿನಲ್ಲಿ ಓದಿ ನೋಡುತ್ತಾಳೆ. ಮೊನ್ನೆ ನಾನು ಹೋದಾಗ ತಂದೆಯ ಹೊಲಿಗೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಯಾರಿಗೋ ಉತ್ತರ ಬರೆಯುತ್ತಿದ್ದಳು. ಏನೆಂದು ಕೇಳಿದೆ. ಗಂಟೆ ಒತ್ತಿದ ಮೇಲೆ ಪೆಟ್ಟಿಗೆ ಪೂರ್ತಿ ಬರಿದಾಯಿತೇ ಎಂದು ನೋಡಿದ್ದೀರಾ, ಎಂದು ಕೇಳುತ್ತಿದ್ದೇನೆ ಎಂದಳು. ಮಲ್ಕಾ ನನಗೆ ಎರಡನೆಯ ಲೋಟ ಚಹಾ ತಂದಿಟ್ಟರು.