ಹಾಲೇಶನ ಲೆನ್ಸು, ಕರಬಸಪ್ಪನ ಹೋರಿ

ಹಿರೇಕೆರೂರಿನಲ್ಲಿ ಹಾಲೇಶನ ಫೋಟೋ ಸ್ಟುಡಿಯೋ. ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು, ಅವರಿಗಿಂತ ದೊಡ್ಡ ಚೌಕಟ್ಟಿನಲ್ಲಿ ಚಿಕ್ಕೇರೂರಿನ ಕರಬಸಪ್ಪನ ಹೋರಿ. ಬಂದ ಗಿರಾಕಿಗಳ ಕಣ್ಣು ಮೊದಲು ಹೋಗುವುದು ಹೋರಿಯ ಕಡೆಗೇ.

ಅದರಲ್ಲಿ ಗಿರಾಕಿಗಳ ತಪ್ಪೇನೂ ಇಲ್ಲ. ದೀಪಾವಳಿ ಮುಗಿದದ್ದೇ ತಡ, ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಊರೂರಿಗೆ ಹೋರಿ ಬೆದರಿಸುವ ಹಬ್ಬದ ಹುಚ್ಚು ಹಿಡಿಯುತ್ತದೆ. ಕೊಂಬಿಗೆ ಬಲೂನು, ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿಸಿಕೊಂಡ ಹೋರಿ ಜನರ ನಡುವೆ ನುಗ್ಗಿ ಓಡಬೇಕು. ಹುಡುಗರು ಬೆನ್ನತ್ತಿ ಆ ಕೊಬ್ಬರಿ ಹರಿಯಬೇಕು. ಕೊಬ್ಬರಿ ಉಳಿಸಿಕೊಂಡ ಹೋರಿಗೆ ಫ್ಲೆಕ್ಸು, ಅಭಿಮಾನಿ ಬಳಗ, ಅದರ ಹೆಸರಿನ ಟೀ ಶರ್ಟು. ಕರಬಸಪ್ಪನ ಹೋರಿಯ ಹೆಸರು ಚಂಡಮಾರುತ. ಅದು ಅಖಾಡಕ್ಕೆ ಇಳಿದಾಗಿನಿಂದ ಒಂದು ಚೂರು ಕೊಬ್ಬರಿಯನ್ನೂ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬೆನ್ನತ್ತುವವರಲ್ಲಿ ಮಹಾರಥಿ ಎನಿಸಿಕೊಂಡ ಹುಲಗೂರಿನ ಗೋಣೆಪ್ಪನಿಗೂ ಅದು ಬಾಲವನ್ನಷ್ಟೇ ತೋರಿಸಿತ್ತು.

ಕೊಬ್ಬರಿ ಹೋಯಿತೋ ಉಳಿಯಿತೋ ಎಂದು ಜಗಳ ಬಿದ್ದರೆ ಸ್ಪರ್ಧೆಯ ಕಮಿಟಿಯವರು ಮೈಕಿನಲ್ಲಿ, “ಹಾಲೇಶನ ಫೋಟೋ ನೋಡ್ರಪಾ, ಅದು ಸುಳ್ಳು ಹೇಳಂಗಿಲ್ಲ” ಅನ್ನುತ್ತಿದ್ದರು. ಹಾಲೇಶನ ಆಸ್ತಿ ಅಂದರೆ ಆ ಒಂದು ಮಾತು. ಉಳಿದದ್ದೆಲ್ಲ ಬಾಡಿಗೆಯದು.

ಆದರೆ ಅವನ ಹತ್ತಿರ ಇದ್ದದ್ದು ಕ್ಯಾಮೆರಾದ ಜೊತೆಗೇ ಬಂದ ಬಡ ಲೆನ್ಸು ಒಂದೇ. ಹೋರಿ ದೊಡ್ಡದಾಗಿ ಕಾಣಬೇಕೆಂದರೆ ಹಾಲೇಶ ಹತ್ತಿರ ಹೋಗಬೇಕು. ಅವನು ಹತ್ತಿರ ಹೋದರೆ ಹೋರಿ ಇನ್ನೂ ಹತ್ತಿರ ಬರುತ್ತಿತ್ತು. ಬಣವೆ, ಗಟಾರು, ತಿಪ್ಪೆ ಎನ್ನದೆ ಹಾರಿ ಬಿದ್ದ ವೀರನ ಅಂಗಿಗಳನ್ನು ಒಗೆದು ಒಗೆದು ಸಾಕಾಗಿ ಹೆಂಡತಿ ಸಮತಾ ಒಂದು ದಿನ ಆಜ್ಞೆ ಹೊರಡಿಸಿದಳು.

“ಒಂದ್ ಉದ್ದನ ಲೆನ್ಸ್ ತಗೋರಿ. ಇಲ್ಲಾಂದ್ರ ನಿಮ್ಮ ಅಂಗಿ ನೀವ ಒಗಕೋರಿ.”

ಹಾಲೇಶ ಸವಣೂರಿಗೆ ಹೊರಟ. ಅಲ್ಲಿ ದಿಲಾವರನ ಅಂಗಡಿ. ಯಾರ್ಯಾರೋ ಬಳಸಿ ಬಿಟ್ಟ ಲೆನ್ಸುಗಳು ಅಲ್ಲಿ ಮರುಜನ್ಮ ಪಡೆಯುತ್ತವೆ. ದಿಲಾವರ ಎಲೆಯಡಿಕೆಯನ್ನು ದವಡೆಯ ಇನ್ನೊಂದು ಬದಿಗೆ ಸರಿಸಿ, ದಿವ್ಯಾಸ್ತ್ರಗಳನ್ನು ಹಾಸುವವನಂತೆ ಮೂರು ಲೆನ್ಸುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟ.

“ಈ ಉದ್ದಂದು ದೂರ ಇದ್ದದ್ದನ್ನ ಹತ್ರ ತರ್ತೈತಿ. ಈ ಗಿಡ್ಡಂದು ಹತ್ರ ಇದ್ದದ್ದನ್ನ ದೂರ ಸರಸ್ತೈತಿ, ಆದ್ರ ಇಡೀ ಊರು ಒಂದ ಫೋಟೋದಾಗ ಹಿಡಸ್ತೈತಿ. ಇನ್ನ ಇದು ಇರುವಿ ಕಣ್ಣು ತೋರಸ್ತೈತಿ ನೋಡ್ರಿ.”

“ಇರುವಿ ಬೆದರಿಸೋ ಹಬ್ಬ ನಮ್ಮ ಕಡೆ ಇನ್ನೂ ಚಾಲೂ ಆಗಿಲ್ಲೋ ಮಾರಾಯ.”

ಹಾಲೇಶ ಉದ್ದನೆಯದನ್ನೇ ಆರಿಸಿಕೊಂಡ. ಅದನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದರೆ ಬಸ್‌ಸ್ಟ್ಯಾಂಡಿನ ಕಂಡಕ್ಟರನ ಕಿವಿಯ ಕೂದಲು ಕಂಡಿತು. ಗಾಂಡೀವ ಕೈಗೆ ಬಂದವನ ಹಾಗೆ ಅವನ ಎದೆ ಉಬ್ಬಿತು.

ಹಾನಗಲ್ಲಿನ ಸ್ಪರ್ಧೆಗೆ ಹಾಲೇಶ ಅಖಾಡದ ತುದಿಯಲ್ಲಿದ್ದ ನೀರಿನ ಟಾಕಿಯ ಮೇಲೆ ರಾಜನಂತೆ ಕುಳಿತ. ಅಂಗಿಗೆ ಒಂದು ಹನಿ ಕೆಸರಿಲ್ಲ. ಚಂಡಮಾರುತ ನೇರ ಅವನತ್ತಲೇ ನುಗ್ಗಿ ಬಂತು. ಗೋಣೆಪ್ಪ ಎಷ್ಟೋ ಮಾರು ಹಿಂದೆ, ಕೈ ಚಾಚಿಕೊಂಡು, ಓಡುವುದಕ್ಕಿಂತ ಹೆಚ್ಚಾಗಿ ಏದುತ್ತಿದ್ದ. ಹೋರಿ ಗೆದ್ದಿತು. ಹಾಲೇಶ ಅಲ್ಲೇ ಒಂದು ಫೋಟೋ ಆರಿಸಿ ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕಿ, ಚಹಾ ಕುಡಿಯಲು ಇಳಿದ. ಫೋಟೋದಲ್ಲಿ ಹೋರಿಯ ಕಣ್ಣು ನೋಡಿದ್ದನೇ ಹೊರತು ಬೇರೇನೂ ನೋಡಿರಲಿಲ್ಲ.

ಮರುದಿನ ಸ್ಟುಡಿಯೋದ ಷಟರು ಎತ್ತುವುದಕ್ಕೆ ಮುಂಚೆಯೇ ಕರಬಸಪ್ಪ ಬಾಗಿಲಲ್ಲಿ ನಿಂತಿದ್ದ. ಮೀಸೆ ನಡುಗುತ್ತಿತ್ತು.

“ಗ್ವಾಡಿ ಮ್ಯಾಲೆ ಬುದ್ಧನ್ನ ಕುಂದ್ರಿಸಿ, ಅವನ ಕೆಳಗ ಕುಂತು ಇಂಥಾ ಫೋಟೋ ಮಾಡ್ತಿಯೇನೋ ಹಾಲೇಶ?”

ಹಾಲೇಶ ಮೊಬೈಲು ನೋಡಿದ. ಗೋಣೆಪ್ಪನ ಕೈ ಚಂಡಮಾರುತದ ಕೊರಳ ಕೊಬ್ಬರಿಯ ಮೇಲಿತ್ತು! ಅಷ್ಟು ದೂರ ಹಿಂದೆ ಏದುತ್ತಿದ್ದವನು ಫೋಟೋದಲ್ಲಿ ಹೋರಿಯ ಬೆನ್ನಿಗೆ ಅಂಟಿಕೊಂಡಿದ್ದ. ಗೋಣೆಪ್ಪ ಅದನ್ನೇ ಊರೂರಿಗೆ ಹಂಚಿ, ‘ಕೊಬ್ಬರಿಗೆ ಕೈ ಹಾಕಿದ ಹುಲಗೂರ ಹುಲಿ’ ಎಂದು ಬರೆದಿದ್ದ.

“ನಾ ಕಣ್ಣಾರೆ ಕಂಡೇನಿ ಕಾಕಾ, ಅವ ಹತ್ರನೂ ಬಂದಿದ್ದಿಲ್ಲ!”

“ನಿನ್ನ ಕಣ್ಣು ಯಾರಿಗೆ ಬೇಕು? ಮಂದಿ ನಂಬೋದು ನಿನ್ನ ಫೋಟೋ. ಈಗ ಹೇಳು, ಫೋಟೋ ಖರೇನೋ, ನನ್ನ ಹೋರಿ ಖರೇನೋ?”

ಹಾಲೇಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಫೋಟೋ ಖರೆ ಅಂದರೆ ಹೋರಿಯ ಮಾನ ಹೋಗುತ್ತದೆ. ಸುಳ್ಳು ಅಂದರೆ ತನ್ನದು. ದಿಲಾವರನಿಗೆ ಫೋನು ಹಚ್ಚಿದ. ಅವನು ನಿರಾಳವಾಗಿ, “ದೂರ ಇದ್ದದ್ದನ್ನ ಹತ್ರ ತರ್ತೈತಿ ಅಂತ ಹೇಳಿದ್ನೆಲ್ರಿ? ಹೋರಿನೂ ತರ್ತೈತಿ, ಹೋರಿ ಹಿಂದಿನಾಂವನ್ನೂ ಎಳಕೊಂಡು ಬರ್ತೈತಿ” ಅಂದ.

ಇದನ್ನು ಜನರಿಗೆ ಬಾಯಲ್ಲಿ ಹೇಳಿದರೆ ನಂಬುವವರು ಯಾರು? ಹಾಲೇಶ ಎರಡೂ ಕಡೆಯವರನ್ನು ಮಾಸೂರಿನ ಕೆರೆ ಏರಿಗೆ ಕರೆಸಿದ. ಏರಿಯ ಮೇಲೆ ಕರಬಸಪ್ಪನನ್ನು ನಿಲ್ಲಿಸಿ, ಅವನ ಹಿಂದೆ ಕೂಗಿದರೆ ಕೇಳಿಸದಷ್ಟು ದೂರದಲ್ಲಿ ಗೋಣೆಪ್ಪನನ್ನು ಕೈ ಚಾಚಿಸಿ ನಿಲ್ಲಿಸಿ, ತಾನು ಇನ್ನೂ ದೂರ ನಡೆದುಹೋಗಿ ಉದ್ದನ ಲೆನ್ಸಿನಿಂದ ಕ್ಲಿಕ್ಕಿಸಿದ. ಕಮಿಟಿಯವರು ಸ್ಕ್ರೀನಿನ ಮೇಲೆ ಬಾಗಿದರು. ಬಾಗಿದವರು ಹೌಹಾರಿ ಹಿಂದೆ ಸರಿದರು. ಫೋಟೋದಲ್ಲಿ ಗೋಣೆಪ್ಪ ಕರಬಸಪ್ಪನ ಹೆಗಲ ಮೇಲೆ ಕೈಹಾಕಿ, ಕಳೆದುಹೋಗಿ ಸಿಕ್ಕ ತಮ್ಮನ ಹಾಗೆ ನಿಂತಿದ್ದ.

“ತಗೀ ಕೈ!” ಎಂದು ಕರಬಸಪ್ಪ ಕ್ಯಾಮೆರಾಕ್ಕೇ ಗದರಿದ.

ಹೋರಿ ನಿರ್ದೋಷಿ ಎಂದು ಕಮಿಟಿ ಸಾರಿತು. ಆದರೆ ಅದೇ ಉಸಿರಿನಲ್ಲಿ, ಹಾಲೇಶ ಇನ್ನು ಈ ದೂರ್ವಾಸ ಲೆನ್ಸು ತಂದರೆ ಅವನ ಫೋಟೋ ಲೆಕ್ಕಕ್ಕಿಲ್ಲ ಎಂದೂ ಸಾರಿತು.

ಹಾಲೇಶ ಮತ್ತೆ ಸವಣೂರಿಗೆ ಓಡಿದ. ಉದ್ದನೆಯದನ್ನು ಕೊಟ್ಟು ಗಿಡ್ಡದನ್ನು ತಂದ. ಯಾರನ್ನೂ ಯಾರ ಹತ್ತಿರಕ್ಕೂ ತಾರದ, ಸುಸಂಸ್ಕೃತ ಲೆನ್ಸು. ಅದರ ಮೂತಿಗೆ ಹೂವಿನ ಎಸಳಿನಂಥ ಒಂದು ಕಪ್ಪು ಪ್ಲಾಸ್ಟಿಕ್ ಕವಚವನ್ನು ದಿಲಾವರ ಪುಕ್ಕಟೆ ಹಾಕಿಕೊಟ್ಟ.

ಚಿಕ್ಕೇರೂರಿನ ಸ್ಪರ್ಧೆ ಬಂತು. ಚಂಡಮಾರುತಕ್ಕೆ ಸ್ವಂತ ಊರು. ಹಾಲೇಶ ಅಖಾಡದ ಅಂಚಿನಲ್ಲಿ ಮೊಣಕಾಲೂರಿ ಕಣ್ಣಿಗೆ ಕ್ಯಾಮೆರಾ ಹಚ್ಚಿದ. ಆಹಾ, ಇಡೀ ಊರೇ ಕಾಣುತ್ತಿತ್ತು! ಮಾಳಿಗೆಯ ಮೇಲಿನ ಜನ, ಬಾನಿನ ಮೋಡ, ಆ ತುದಿಯಲ್ಲಿ ಬೆಕ್ಕಿನ ಮರಿಯಷ್ಟು ಚಂಡಮಾರುತ.

“ಹಾಲೇಶಣ್ಣ, ಆಕಡೆ ಸರೀರಿ!” ಎಂದು ಯಾರೋ ಚೀರಿದರು.

ಇವರಿಗೇನು ಗೊತ್ತು, ಇನ್ನೂ ಬೆಕ್ಕಿನಷ್ಟಿದೆ ಎಂದುಕೊಂಡು ಕ್ಲಿಕ್ಕಿಸಿದ.

“ಸರೀಲೇ ಹುಚ್ಚಪ್ಯಾಲಿ!” ಇದು ಕರಬಸಪ್ಪನ ದನಿ.

ಹಾಲೇಶ ಕ್ಯಾಮೆರಾ ಇಳಿಸಿದ. ಬೆಕ್ಕಿರಲಿಲ್ಲ. ಮೂಗಿನ ಮುಂದೆ ಇನ್ನೊಂದು ಮೂಗು, ಒದ್ದೆಯಾದದ್ದು, ಉಸಿರುಬಿಡುತ್ತಿತ್ತು. ಮುಂದಿನ ಕ್ಷಣ ಭೂಮಿ ಮೇಲೆ, ಆಕಾಶ ಕೆಳಗೆ. ಚಂಡಮಾರುತ ಅವನ ನೆತ್ತಿಯ ಮೇಲಿಂದ ಹಾರಿ ಹೋಗಿತ್ತು.

ಧೂಳು ಇಳಿದಾಗ ಜನ ಓಡಿಬಂದು, ಹಾಗೆಯೇ ಕಲ್ಲಾಗಿ ನಿಂತರು. ಹಾಲೇಶ ಜೀವಂತ ಇದ್ದ. ಅದು ಆಶ್ಚರ್ಯವಲ್ಲ. ಲೆನ್ಸಿನ ಮೂತಿಯ ಆ ಕಪ್ಪು ಎಸಳುಗಳ ನಡುವೆ ಕೊಬ್ಬರಿಯ ಸರ ತೂಗುತ್ತಿತ್ತು.

ಗೋಣೆಪ್ಪ ಕುಣಿದಾಡಿಬಿಟ್ಟ. “ಚಂಡಮಾರುತ ಸಿಕ್ಕಿಬಿಡ್ತು! ಅದೂ ಫೋಟೋ ತೆಗೆಯಾಂವಗ!”

ಕರಬಸಪ್ಪ ಕ್ಯಾಮೆರಾ ಕಸಿದುಕೊಂಡು ಸ್ಕ್ರೀನು ಎತ್ತಿ ಹಿಡಿದ. “ನೋಡ್ರಿ! ಹೋರಿ ಎಲ್ಲೈತಿ, ಹಾಲೇಶ ಎಲ್ಲದಾನ! ಇಷ್ಟು ದೂರಿಂದ ಕೊಬ್ಬರಿ ಹರಿಯಾಕ ಇಂವೇನು ಹನುಮಪ್ಪನೇನು?” ಹೌದು, ಫೋಟೋದಲ್ಲಿ ಹೋರಿ ದೂರದಲ್ಲೇ ಇತ್ತು.

ಕಮಿಟಿಯವರು ಮೈಕನ್ನು ಬಿದ್ದವನ ಬಾಯಿಗೇ ಹಿಡಿದರು. “ಹೇಳ್ರಿ ಹಾಲೇಶಣ್ಣ. ಏನಾತು?”

ಹಾಲೇಶ ಕರಬಸಪ್ಪನ ಮುಖ ನೋಡಿದ. ಸುಮ್ಮನಿದ್ದರೆ ಹೋರಿಯ ಮಾನ ಉಳಿಯುತ್ತದೆ, ಕಾಕಾನ ಸ್ನೇಹವೂ ಉಳಿಯುತ್ತದೆ. ಕಣ್ಣು ಮುಚ್ಚಿದ. ಗೋಡೆಯ ಮೇಲಿನ ಬುದ್ಧ ಕಂಡ.

“ಫೋಟೋ ಮತ್ತ ಸುಳ್ಳು ಹೇಳೇತ್ರಿ” ಎಂದ. ಮೈಕು ಅದನ್ನು ಊರಿಗೆಲ್ಲ ಹೇಳಿತು. “ಹೋರಿ ಹತ್ರನ ಇತ್ತು. ಕೊಬ್ಬರಿ ಲೆನ್ಸಿಗೇ ಸಿಕ್ಕೇತಿ.”

ಕರಬಸಪ್ಪನ ಮೀಸೆ ಇಳಿಯಿತು. ಆಮೇಲೆ ನಿಧಾನವಾಗಿ, ಒಂದೊಂದೇ ಕೂದಲಾಗಿ ಎನ್ನುವಂತೆ, ಮತ್ತೆ ಮೇಲೇರಿತು.

“ಏನಂದಿ? ಲೆನ್ಸಿಗೆ ಸಿಕ್ಕೇತಿ ಅಂದ್ಯಾ? ಕೈಗಲ್ಲ?”

“ಕೈಗಲ್ಲ ಕಾಕಾ. ನನ್ನ ಕೈ ಎಲ್ಲಿದ್ವು ಅನ್ನೋದ ನನಗ ಗೊತ್ತಿದ್ದಿಲ್ಲ.”

“ಕೇಳಿದ್ರ್ಯಾ!” ಕರಬಸಪ್ಪ ಮೈಕು ಕಸಿದುಕೊಂಡ. “ಸುಳ್ಳು ಹೇಳದ ಮನಷ್ಯಾ ಹೇಳಾಕತ್ತಾನ! ಚಂಡಮಾರುತ ಇವತ್ತಿಗೂ ಮನಷ್ಯಾರ ಕೈಗೆ ಸಿಕ್ಕಿಲ್ಲ!”

ಕಮಿಟಿ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಲೆನ್ಸು ಮನುಷ್ಯನಲ್ಲ ಎಂಬುದನ್ನು ಒಪ್ಪಿತು. ಗೋಣೆಪ್ಪ ನಿಂತಲ್ಲೇ ಕುಸಿದು ಕೂತ.

ಈಗ ಚಿಕ್ಕೇರೂರಿಗೆ ಹೋಗುವವರಿಗೆ ಊರ ಬಾಗಿಲಲ್ಲೇ ಒಂದು ಫ್ಲೆಕ್ಸು ಸಿಗುತ್ತದೆ: ‘ಮನುಷ್ಯರಿಗೆ ಸಿಗದ, ಲೆನ್ಸಿಗೆ ಮಾತ್ರ ಸಿಕ್ಕ ಚಂಡಮಾರುತ’. ಒಂದು ಕಡೆ ಹೋರಿ, ಇನ್ನೊಂದು ಕಡೆ ಸೊಂಟಕ್ಕೆ ಪಟ್ಟಿ ಕಟ್ಟಿಸಿಕೊಂಡ ಹಾಲೇಶ, ಮೂತಿ ಮುರಿದ ಲೆನ್ಸು ಎದೆಗವಚಿಕೊಂಡು, ಬಾಯಿ ಇನ್ನೂ ತೆರೆದೇ ಇದೆ. ಫೋಟೋ ತೆಗೆದವಳು ಸಮತಾ, ಆ ಹಳೆಯ ಬಡ ಲೆನ್ಸಿನಲ್ಲಿ. ಬಾಯಿ ಮುಚ್ಚಿರೆಂದು ಎಷ್ಟು ಹೇಳಿದರೂ ಅವನು ಮುಚ್ಚಲಿಲ್ಲವಂತೆ. ಕೊಬ್ಬರಿಯನ್ನು ಅವಳು ಅವತ್ತೇ ಚಟ್ನಿ ಮಾಡಿದ್ದಳು.